ಹಿಗ್ಗುವವರು ಯಾರು, ನಿಂತಲ್ಲೇ ನಿಲ್ಲುವವರು ಯಾರು?

ಕಳೆದ ಸಂಚಿಕೆಯಲ್ಲಿ ಅಂಗಡಿ ಲೆಕ್ಕದ ತಂತ್ರಾಂಶಗಳ ಬಗ್ಗೆ ಬರೆಯುವಾಗ ಒಂದು ಸಾಲು ಗೊಣಗಿದ್ದೆ: “ವಿಂಡೋವನ್ನು ಪರದೆ ತುಂಬ ಹಿಗ್ಗಿಸಿದರೂ ಒಳಗಿನ ಬಟನ್ನು, ಪೆಟ್ಟಿಗೆಗಳೆಲ್ಲ ಎಡಮೂಲೆಯಲ್ಲಿ ಚಳಿ ಹಿಡಿದವರಂತೆ ಮುದುಡಿ ಕುಳಿತಿರುವ ಪ್ರೋಗ್ರಾಂ ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.” ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಎರಡು ಪುಟಗಳಿಗೆ ಬರಲಿಲ್ಲ. ಬರೆದವರಲ್ಲಿ ಹೆಚ್ಚಿನವರು ಅಂಥ ಪ್ರೋಗ್ರಾಂಗಳನ್ನು ತಯಾರಿಸುವವರೇ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ದಾವಣಗೆರೆಯಲ್ಲಿ ಕುಳಿತು ಇಪ್ಪತ್ತೆರಡು ವರ್ಷ ಅಡಿಕೆ ಮಂಡಿ, ಅಕ್ಕಿ ಗಿರಣಿ, ಸಹಕಾರ ಸಂಘಗಳಿಗೆ ಪ್ರೋಗ್ರಾಂ ಬರೆದವಳು ನಾನು. ಕೆಳಗೆ ಹೇಳಿರುವ ತಪ್ಪುಗಳಲ್ಲಿ ಬಹುಪಾಲು ನಾನೇ ಮಾಡಿದವು.

ಪ್ರಶ್ನೆ: ಸಿ ಶಾರ್ಪ್ ಭಾಷೆಯಲ್ಲಿ, ವಿಂಡೋ ಕಟ್ಟುವ ಮೈಕ್ರೋಸಾಫ್ಟ್‌ನ ಸಾಧನವಾದ ವಿಂಡೋಸ್ ಫಾರ್ಮ್ಸ್ ಬಳಸಿ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಬಿಲ್ಲಿಂಗ್ ಪ್ರೋಗ್ರಾಂ ಮಾಡಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅಂಗಡಿಯ ದೊಡ್ಡ ಮಾನಿಟರ್‌ನಲ್ಲಿ ಮುಕ್ಕಾಲು ಭಾಗ ಖಾಲಿ. ಮಾಲೀಕರ ಮನೆಯ ಸಣ್ಣ ಲ್ಯಾಪ್‌ಟಾಪ್‌ನಲ್ಲಿ ‘ಉಳಿಸಿ’ ಬಟನ್ನೇ ಪರದೆಯಿಂದ ಕೆಳಗೆ ಹೋಗಿದೆ. ಪರದೆಯ ಅಳತೆ ನೋಡಿ ಎಲ್ಲವನ್ನೂ ಒಂದೇ ಅನುಪಾತದಲ್ಲಿ ಗುಣಿಸಿಬಿಡಲೇ?
(ಹರಿಹರದ ಓದುಗರು)

ಉತ್ತರ: ದಯವಿಟ್ಟು ಗುಣಿಸಬೇಡಿ. ನಾನು ಗುಣಿಸಿ ಪೆಟ್ಟು ತಿಂದಿದ್ದೇನೆ. ದೊಡ್ಡ ಮಾನಿಟರ್ ಕೊಂಡವರು ಬಿಲ್ಲಿನ ಸಾಲುಗಳು ಹೆಚ್ಚು ಕಾಣಲಿ ಎಂದು ಕೊಂಡಿರುತ್ತಾರೆ. ‘ಮುದ್ರಿಸಿ’ ಎಂಬ ಬಟನ್ನು ಬಸ್ಸಿನ ಬೋರ್ಡಿನಷ್ಟು ಅಗಲವಾಗಲಿ ಎಂದಲ್ಲ. ಅನುಪಾತದಲ್ಲಿ ಹಿಗ್ಗಿಸಿದರೆ ಎಲ್ಲವೂ ದಪ್ಪಗಾಗುತ್ತದೆ, ಸಾಲುಗಳು ಮಾತ್ರ ಮೊದಲಿನ ಹನ್ನೆರಡೇ ಇರುತ್ತವೆ.

ನಿಮ್ಮ ‘ಉಳಿಸಿ’ ಬಟನ್ನಿನ ಸುದ್ದಿ ಓದಿ ನನಗೆ 2000ನೇ ಇಸವಿಯ ಒಂದು ಸಹಕಾರ ಸಂಘ ನೆನಪಾಯಿತು. ಆಗ ವಿಷುವಲ್ ಬೇಸಿಕ್ 6 ಎಂಬ ಪ್ರೋಗ್ರಾಂ ಭಾಷೆಯ ಕಾಲ. ನನ್ನ ಮೇಜಿನ ಮೇಲಿನ ಮಾನಿಟರ್ 800 ಅಡ್ಡ, 600 ಉದ್ದ ಪಿಕ್ಸೆಲ್‌ನದು. ಸಂಘದ್ದು 640ಕ್ಕೆ 480. ಠೇವಣಿಯ ಫಾರ್ಮನ್ನು (ಮಾಹಿತಿ ತುಂಬುವ ವಿಂಡೋಗೆ ನಾವು ಫಾರ್ಮ್ ಎನ್ನುತ್ತೇವೆ) ನನ್ನ ಪರದೆ ನೋಡಿಕೊಂಡೇ ಕೂರಿಸಿ, ಫ್ಲಾಪಿಯಲ್ಲಿ ಹಾಕಿ ಕೊಟ್ಟುಬಂದೆ. ಆರು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಹೋದಾಗ ಅಲ್ಲಿನ ಗುಮಾಸ್ತರು ಪ್ರತಿ ರಸೀದಿಗೂ ಬೆರಳು ಎಣಿಸುತ್ತ ಏನೋ ಒತ್ತುತ್ತಿದ್ದರು. ಏನು ಎಂದು ಕೇಳಿದೆ. “ಹನ್ನೊಂದು ಸಲ ಟ್ಯಾಬ್, ಆಮೇಲೆ ಎಂಟರ್. ಆಗ ಉಳಿಯುತ್ತದೆ ಮೇಡಂ,” ಎಂದರು. ಬಟನ್ನು ಪರದೆಯ ಹೊರಗಿತ್ತು. ಅದನ್ನು ಅವರು ಕಂಡೇ ಇರಲಿಲ್ಲ. ಹೊಸದಾಗಿ ಸೇರಿದ ಹುಡುಗನಿಗೂ ಹನ್ನೊಂದರ ಮಗ್ಗಿಯನ್ನೇ ಕಲಿಸಿಕೊಟ್ಟಿದ್ದರು. ಯಾರೂ ನನ್ನನ್ನು ಬೈಯಲಿಲ್ಲ, ಅದು ಇನ್ನೂ ಚುಚ್ಚುತ್ತದೆ.

ಆ ನಾಚಿಕೆಗೆ ಊರಿಗೆ ಬಂದವಳೇ ಫಾರ್ಮಿನ ಅಳತೆ ಬದಲಾದಾಗಲೆಲ್ಲ ನಡೆಯುವ ‘ರಿಸೈಜ್’ ಘಟನೆಯೊಳಗೆ ಕೋಡ್ ಬರೆಯಲು ಕುಳಿತೆ. ಆ ಫಾರ್ಮಿನಲ್ಲಿ ನಲವತ್ತಮೂರು ಕಂಟ್ರೋಲ್‌ಗಳು, ಅಂದರೆ ಬಟನ್ನು, ಪೆಟ್ಟಿಗೆ, ಲೇಬಲ್ಲುಗಳು. ಒಂದೊಂದಕ್ಕೂ ‘ಫಾರ್ಮಿನ ಅಗಲದಿಂದ ಇಷ್ಟು ಕಳೆ, ಎತ್ತರದಿಂದ ಅಷ್ಟು ಕಳೆ’ ಎಂದು ಸಾಲು ಬರೆದೆ. ಹೊಸ ಪೆಟ್ಟಿಗೆ ಸೇರಿಸಿದಾಗಲೆಲ್ಲ ಲೆಕ್ಕ ಮತ್ತೆ ಮೊದಲಿಂದ. ಕೊನೆಗೆ ಎಲ್ಲ ಸರಿಯಾಯಿತು ಎನ್ನುವಾಗ ಗುಮಾಸ್ತರು ವಿಂಡೋವನ್ನು ಕೆಳಗಿಳಿಸಿದರು. ಪ್ರೋಗ್ರಾಂ 380ನೇ ಎರರ್ ಕೊಟ್ಟು ಸತ್ತಿತು. ಮಿನಿಮೈಸ್ ಮಾಡಿದಾಗಲೂ ಅದೇ ಘಟನೆ ನಡೆಯುತ್ತದೆ, ಆಗ ಒಳಗಿನ ಎತ್ತರ ಸೊನ್ನೆ, ಸೊನ್ನೆಯಿಂದ ಕಳೆದರೆ ಋಣ ಸಂಖ್ಯೆ. ಋಣ ಎತ್ತರದ ಪೆಟ್ಟಿಗೆಯನ್ನು ಯಾವ ವಿಂಡೋಸ್ ತಾನೇ ಬಿಡಿಸಿತು?

ನಿಮ್ಮ ಪುಣ್ಯ, ವಿಂಡೋಸ್ ಫಾರ್ಮ್ಸ್‌ನಲ್ಲಿ ಈ ಕೂಲಿ ಕೆಲಸವಿಲ್ಲ. ಪ್ರತಿ ಕಂಟ್ರೋಲ್‌ಗೂ ‘ಆಂಕರ್’ ಎಂಬ ಗುಣವಿದೆ. ಹಡಗಿನ ಲಂಗರು ಎಂದು ಅದರ ಅರ್ಥವಾದರೂ ನಾನು ಗೂಟಕ್ಕೆ ಕಟ್ಟಿದ ಹಗ್ಗ ಎಂದೇ ಹೇಳಿಕೊಡುತ್ತಿದ್ದೆ. ವಿಂಡೋದ ನಾಲ್ಕು ಅಂಚುಗಳು ನಾಲ್ಕು ಗೂಟ. ಕಟ್ಟಿದ ಅಂಚಿನಿಂದ ಇರುವ ದೂರ ಯಾವತ್ತೂ ಬದಲಾಗುವುದಿಲ್ಲ. ನೀವು ಏನೂ ಹೇಳದಿದ್ದರೆ ಮೇಲಕ್ಕೂ ಎಡಕ್ಕೂ ಕಟ್ಟಿರುತ್ತದೆ, ಅದಕ್ಕೇ ಎಲ್ಲವೂ ಎಡಮೂಲೆಯಲ್ಲಿ ಮುದುಡುವುದು. ಬಿಲ್ಲಿನ ಸಾಲುಗಳ ಕೋಷ್ಟಕವನ್ನು, ಅಂದರೆ ಗ್ರಿಡ್ಡನ್ನು, ನಾಲ್ಕೂ ಕಡೆ ಕಟ್ಟಿ; ವಿಂಡೋ ಎಳೆದಂತೆಲ್ಲ ಅದು ಹಿಗ್ಗುತ್ತದೆ. ಒಟ್ಟು ಮೊತ್ತ, ತೆರಿಗೆ, ‘ಉಳಿಸಿ’, ‘ಮುದ್ರಿಸಿ’ ಇವನ್ನು ಕೆಳಕ್ಕೂ ಬಲಕ್ಕೂ ಕಟ್ಟಿ. ಗಿರಾಕಿಯ ವಿಳಾಸದ ಪೆಟ್ಟಿಗೆಗೆ ಮೇಲೆ, ಎಡ, ಬಲ ಮೂರು ಹಗ್ಗ. ನಿಮ್ಮ ಕಾಯಿಲೆ ಮುಕ್ಕಾಲು ಪಾಲು ಅಲ್ಲಿಗೆ ವಾಸಿಯಾಗುತ್ತದೆ, ಒಂದು ಸಾಲು ಕೋಡ್ ಕೂಡ ಇಲ್ಲದೆ.

ಉಳಿದ ಕಾಲು ಪಾಲು ತುಸು ತಂಟೆಯದು. ಒಂದೇ ಸಾಲಿನಲ್ಲಿ ಎರಡು ಪೆಟ್ಟಿಗೆಗಳಿದ್ದು, ಎರಡಕ್ಕೂ ಎಡ ಬಲ ಕಟ್ಟಿದಿರೋ, ಎರಡೂ ಹಿಗ್ಗಿ ಒಂದರ ಮೇಲೊಂದು ಏರಿ ಕೂರುತ್ತವೆ. ವಿಂಡೋ 200 ಪಿಕ್ಸೆಲ್ ಅಗಲವಾದರೆ ಎರಡೂ ತಲಾ 200 ಹಿಗ್ಗುತ್ತವೆ. ನೂರು ನೂರು ಹಂಚಿಕೊಳ್ಳುವ ಸೌಜನ್ಯ ಆಂಕರ್‌ಗೆ ಗೊತ್ತಿಲ್ಲ. ಹಂಚಿಕೆ ಬೇಕಾದಲ್ಲಿ ಸಾಲು, ಕಾಲಮ್ಮುಗಳ ಚೌಕಟ್ಟಾದ ಟೇಬಲ್‌ಲೇಔಟ್‌ಪ್ಯಾನೆಲ್ ಬಳಸಿ, ಕಾಲಮ್ಮುಗಳಿಗೆ ಶೇಕಡಾ 50, 50 ಎಂದು ಕೊಡಿ. 2005ರಲ್ಲಿ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ 2.0 ಜೊತೆ ಅದು ಬಂದಾಗ ನಾನು ಹಬ್ಬ ಮಾಡಿದ್ದೆ. ಆದರೆ ಒಂದರೊಳಗೊಂದು ಆರೇಳು ಪ್ಯಾನೆಲ್ ತುರುಕಿ ಪರದೆ ಮಿಣಮಿಣ ಎನ್ನುವಂತೆ ಮಾಡಬೇಡಿ.

ಕಂಟ್ರೋಲನ್ನು ಒಂದು ಅಂಚಿಗೆ ಅಂಟಿಸುವ, ಇಲ್ಲವೇ ಉಳಿದ ಜಾಗವೆಲ್ಲ ತುಂಬಿಸುವ ‘ಡಾಕ್’ ಗುಣ ಬಳಸುವವರಿಗೂ ಒಂದು ಮಾತು. ಟೂಲ್‌ಬಾರ್ ಮೇಲಕ್ಕೆ, ಸ್ಥಿತಿಪಟ್ಟಿ ಕೆಳಕ್ಕೆ, ಗ್ರಿಡ್ ‘ಫಿಲ್’ ಎಂದು ಕೊಟ್ಟ ಮೇಲೂ ಗ್ರಿಡ್ಡಿನ ಮೊದಲ ಸಾಲು ಟೂಲ್‌ಬಾರ್ ಹಿಂದೆ ಮರೆಯಾಗುತ್ತದೆ ಎಂದು ಮೂವರು ಬರೆದಿದ್ದಾರೆ. ಡಾಕ್ ಮಾಡುವಾಗ ಎಲ್ಲಕ್ಕಿಂತ ಹಿಂದಿರುವ ಕಂಟ್ರೋಲ್ ಮೊದಲು ಜಾಗ ಹಿಡಿಯುತ್ತದೆ, ಮುಂದಿರುವುದು ಕೊನೆಗೆ. ‘ಫಿಲ್’ ಆದವನು ಕೊನೆಯ ಪಂಕ್ತಿಯಲ್ಲಿ ಉಣ್ಣಬೇಕು, ಎಲ್ಲರಿಗೂ ಬಡಿಸಿ ಉಳಿದದ್ದೆಲ್ಲ ಅವನಿಗೆ. ಗ್ರಿಡ್ಡಿನ ಮೇಲೆ ಬಲಕ್ಲಿಕ್ ಮಾಡಿ ‘ಬ್ರಿಂಗ್ ಟು ಫ್ರಂಟ್’ ಒತ್ತಿದರೆ ಸಾಕು.

ಸಣ್ಣ ಲ್ಯಾಪ್‌ಟಾಪ್‌ಗೆ ಬರೋಣ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಬಹಳ ಕಾಲ ಇದ್ದ ಅಳತೆ 1366ಕ್ಕೆ 768. ಅಕ್ಷರ ಸಣ್ಣ ಎಂದು ವಿಂಡೋಸ್‌ನಲ್ಲಿ ಶೇಕಡಾ 125 ಹಿಗ್ಗಿಸಿಕೊಂಡರೆ ನಿಮಗೆ ನಿಜವಾಗಿ ದಕ್ಕುವುದು 1092ಕ್ಕೆ 614ರಷ್ಟೇ. ಅದರಲ್ಲೂ ಟಾಸ್ಕ್‌ಬಾರ್ ಮತ್ತು ಶೀರ್ಷಿಕೆ ಪಟ್ಟಿ ಕಳೆಯಬೇಕು. ನಿಮ್ಮ ಫಾರ್ಮಿನ ಕನಿಷ್ಠ ಅಳತೆ ಇದರೊಳಗೆ ಇರಲಿ. ಅಷ್ಟರಲ್ಲಿ ಹಿಡಿಸದಿದ್ದರೆ ಫಾರ್ಮಿನಲ್ಲಿ ತುಂಬಿರುವುದೇ ಹೆಚ್ಚಾಯಿತು ಎಂದು ತಿಳಿದು ಎರಡು ಟ್ಯಾಬ್ ಮಾಡಿ.

ನಾನು ಕೊನೆಕೊನೆಗೆ ಅನುಸರಿಸಿದ ಪದ್ಧತಿ ಹೀಗಿತ್ತು. ಪರದೆಯ ಮೇಲೆ ಫಾರ್ಮು ಬಿಡಿಸುವ ಡಿಸೈನರ್ ತೆರೆಯುವ ಮೊದಲು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ರದ್ದಿ ಕಾಗದದ ಬೆನ್ನ ಮೇಲೆ ಅದೇ ಫಾರ್ಮನ್ನು ಎರಡು ಸಲ ಬಿಡಿಸುತ್ತಿದ್ದೆ: ಒಂದು ಸಣ್ಣದು, ಇನ್ನೊಂದು ಎರಡರಷ್ಟು ದೊಡ್ಡದು. ಎರಡನೆಯದನ್ನು ಬಿಡಿಸುವಾಗ ಕೈ ತಾನಾಗಿಯೇ ತಡೆದು ಕೇಳುತ್ತದೆ: ಈ ಪೆಟ್ಟಿಗೆ ಹಿಗ್ಗಬೇಕೋ, ನಿಂತಲ್ಲೇ ನಿಲ್ಲಬೇಕೋ, ಇಲ್ಲ ಅಂಚಿನ ಜೊತೆ ಸರಿಯಬೇಕೋ? ಆ ಮೂರರಲ್ಲಿ ಒಂದನ್ನು ಪ್ರತಿಯೊಂದಕ್ಕೂ ಬರೆದಿಟ್ಟುಕೊಂಡರೆ ಮುಂದಿನದು ಬರೀ ಕೈಕೆಲಸ.

ಪ್ರಶ್ನೆ: ಕಚೇರಿಯಲ್ಲಿ ಲ್ಯಾಪ್‌ಟಾಪ್‌ಗೆ ಇನ್ನೊಂದು ಮಾನಿಟರ್ ಜೋಡಿಸಿಕೊಳ್ಳುತ್ತೇನೆ. ಮನೆಗೆ ಬಂದು ನಮ್ಮ ಲೆಕ್ಕದ ಪ್ರೋಗ್ರಾಂ ತೆರೆದರೆ ಟಾಸ್ಕ್‌ಬಾರ್‌ನಲ್ಲಿ ಹೆಸರು ಕಾಣುತ್ತದೆ, ವಿಂಡೋ ಕಾಣುವುದಿಲ್ಲ. ಭೂತವೇ?
(ಚಿತ್ರದುರ್ಗದ ಓದುಗರು)

ಉತ್ತರ: ಭೂತವಲ್ಲ, ಅತಿ ಒಳ್ಳೆಯತನ. ವಿಂಡೋ ಕೊನೆಯ ಸಲ ಎಲ್ಲಿತ್ತೋ ಅಲ್ಲೇ ತೆರೆಯಲಿ ಎಂದು ಬರೆದವರು ಅದರ ಜಾಗವನ್ನು ನೆನಪಿಟ್ಟಿದ್ದಾರೆ. ಆ ಜಾಗದ ಮಾನಿಟರ್ ಈಗ ಕಚೇರಿಯಲ್ಲಿ ಉಳಿದಿದೆ. ಸದ್ಯಕ್ಕೆ ಟಾಸ್ಕ್‌ಬಾರ್‌ನಲ್ಲಿ ಅದರ ಮೇಲೆ ಕ್ಲಿಕ್ ಮಾಡಿ, ಆಲ್ಟ್ ಜೊತೆ ಸ್ಪೇಸ್ ಒತ್ತಿ, ಎಂ ಒತ್ತಿ, ಬಾಣದ ಕೀಲಿಯನ್ನು ಒಮ್ಮೆ ತಟ್ಟಿ ಮೌಸ್ ಅಲ್ಲಾಡಿಸಿ. ವಿಂಡೋ ಮೌಸಿಗೆ ಅಂಟಿಕೊಂಡು ಬರುತ್ತದೆ.

ಪ್ರೋಗ್ರಾಂ ಬರೆಯುವವರಿಗೆ: ಉಳಿಸಿಟ್ಟ ಜಾಗ ಈಗಿರುವ ಯಾವುದಾದರೂ ಪರದೆಯೊಳಗೆ ಬೀಳುತ್ತದೆಯೇ ಎಂದು ತೆರೆಯುವಾಗ ನೋಡಿ, ಬೀಳದಿದ್ದರೆ ಮುಖ್ಯ ಪರದೆಯ ನಡುವೆ ತೆರೆಯಿರಿ. ಇನ್ನೊಂದು ಹಳ್ಳವೂ ಇದೆ. ಮಿನಿಮೈಸ್ ಆಗಿರುವ ವಿಂಡೋವನ್ನು ‘ನೀನು ಎಲ್ಲಿದ್ದೀಯ’ ಎಂದು ಕೇಳಿದರೆ ವಿಂಡೋಸ್ ‘ಋಣ 32000, ಋಣ 32000’ ಎನ್ನುತ್ತದೆ. ಆ ಹೊತ್ತಿನಲ್ಲಿ ಮುಚ್ಚಿದವರ ಪ್ರೋಗ್ರಾಂ ಮರುದಿನ ಆ ದೂರದೂರಿನಲ್ಲೇ ತೆರೆದುಕೊಳ್ಳುತ್ತದೆ. ವಿಂಡೋಸ್ ಫಾರ್ಮ್ಸ್‌ನಲ್ಲಿ ಮಿನಿಮೈಸ್ ಆಗುವ ಮೊದಲಿನ ಜಾಗ ಹೇಳುವ ‘ರಿಸ್ಟೋರ್‌ಬೌಂಡ್ಸ್’ ಇರುವುದು ಇದಕ್ಕೇ. ಕ್ಯೂಟಿ ಎಂಬ ಇನ್ನೊಂದು ವಿಂಡೋ ಸಾಧನ ಬಳಸುವವರು ‘ಸೇವ್‌ಜಿಯಾಮೆಟ್ರಿ’, ‘ರಿಸ್ಟೋರ್‌ಜಿಯಾಮೆಟ್ರಿ’ ಜೋಡಿಗೆ ಇದನ್ನು ಒಪ್ಪಿಸಿ ನಿಶ್ಚಿಂತೆಯಿಂದಿರಬಹುದು.

ಪ್ರಶ್ನೆ: ಮೇಡಂ, ನಾನು ಎಂಸಿಎ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಜಾವಾ ಭಾಷೆಯ ವಿಂಡೋ ಸಾಧನ ಸ್ವಿಂಗ್‌ನಲ್ಲಿ ಗ್ರಂಥಾಲಯದ ಫಾರ್ಮ್ ಮಾಡಿದ್ದೇನೆ, ಪೆಟ್ಟಿಗೆಗಳನ್ನು ಕೂರಿಸಲು ಗ್ರಿಡ್‌ಬ್ಯಾಗ್‌ಲೇಔಟ್ ಬಳಸಿದ್ದೇನೆ. ವಿಂಡೋವನ್ನು ದೊಡ್ಡದು ಮಾಡಿದರೆ ಎಲ್ಲವೂ ನಡುವೆ ಗುಂಪಾಗಿ ನಿಲ್ಲುತ್ತವೆ. ಒಂದು ಚೂರು ಸಣ್ಣದು ಮಾಡಿದರೆ ಟೆಕ್ಸ್ಟ್ ಪೆಟ್ಟಿಗೆಗಳು ಇದ್ದಕ್ಕಿದ್ದಂತೆ ಸೀಳಿನಷ್ಟು ತೆಳ್ಳಗಾಗುತ್ತವೆ. ಪರೀಕ್ಷಕರ ಮುಂದೆ ಹೀಗಾದರೆ ಗತಿಯೇನು?
(ಕುಂದಾಪುರದ ವಿದ್ಯಾರ್ಥಿನಿ)

ಉತ್ತರ: ತಂಗಿ, ಗ್ರಿಡ್‌ಬ್ಯಾಗ್‌ಲೇಔಟ್ ಎಂದರೆ ಸಿಡುಕಿನ ಮಾವನಿದ್ದ ಹಾಗೆ; ಮರ್ಜಿ ಗೊತ್ತಾದರೆ ಬಹಳ ಉಪಕಾರಿ. ನೀನು ಹೇಳಿದ ಎರಡೂ ಅದರ ತಪ್ಪಲ್ಲ, ಸ್ವಭಾವ.

ಮೊದಲನೆಯದು: ಪ್ರತಿ ಪೆಟ್ಟಿಗೆಗೂ ‘ವೇಟ್‌ಎಕ್ಸ್’, ‘ವೇಟ್‌ವೈ’ ಎಂಬ ತೂಕಗಳಿವೆ. ಉಳಿದ ಜಾಗವನ್ನು ಈ ತೂಕ ನೋಡಿ ಹಂಚಲಾಗುತ್ತದೆ. ನೀನು ಏನೂ ಕೊಡದಿದ್ದರೆ ಎಲ್ಲದರ ತೂಕವೂ ಸೊನ್ನೆ. ಯಾರಿಗೂ ಜಾಗ ಬೇಡ ಎಂದ ಮೇಲೆ ಅದು ಎಲ್ಲರನ್ನೂ ಗುಂಪಾಗಿ ನಡುವೆ ನಿಲ್ಲಿಸಿ ಸುತ್ತಲೂ ಖಾಲಿ ಬಿಡುತ್ತದೆ. ಟೆಕ್ಸ್ಟ್ ಪೆಟ್ಟಿಗೆಗಳ ಕಾಲಮ್ಮಿಗೆ ವೇಟ್‌ಎಕ್ಸ್ 1 ಕೊಡು, ಲೇಬಲ್ಲುಗಳಿಗೆ 0 ಇರಲಿ. ತೂಕ ಕೊಟ್ಟರೆ ಕೋಣೆ ಮಾತ್ರ ದೊಡ್ಡದಾಗುತ್ತದೆ. ಪೆಟ್ಟಿಗೆ ಕೋಣೆ ತುಂಬ ಹರಡಬೇಕೆಂದರೆ ‘ಫಿಲ್’ ಗುಣಕ್ಕೆ ‘ಹಾರಿಜಾಂಟಲ್’ ಎಂದೂ ಕೊಡಬೇಕು. ಪುಸ್ತಕಗಳ ಪಟ್ಟಿಗೆ ಎರಡೂ ತೂಕ, ಎರಡೂ ದಿಕ್ಕಿನ ಫಿಲ್.

ಎರಡನೆಯದು ಇನ್ನೂ ಸ್ವಾರಸ್ಯವಾಗಿದೆ. ಎಲ್ಲ ಪೆಟ್ಟಿಗೆಗಳೂ ತಮಗೆ ಇಷ್ಟವಾದ ಅಳತೆಯಲ್ಲಿ ಕೂರಲು ಒಂದೇ ಒಂದು ಪಿಕ್ಸೆಲ್ ಕಡಿಮೆ ಬಿದ್ದರೂ ಗ್ರಿಡ್‌ಬ್ಯಾಗ್ ಸ್ವಲ್ಪ ಸ್ವಲ್ಪ ಕುಗ್ಗಿಸುವ ಗೋಜಿಗೆ ಹೋಗುವುದಿಲ್ಲ. ಇಷ್ಟದ ಅಳತೆಯನ್ನು ಕೈಬಿಟ್ಟು ಎಲ್ಲರಿಗೂ ಕನಿಷ್ಠ ಅಳತೆಯನ್ನೇ ಹಿಡಿಯುತ್ತದೆ. ಟೆಕ್ಸ್ಟ್ ಪೆಟ್ಟಿಗೆಯ ಕನಿಷ್ಠ ಅಗಲ ಎಂದರೆ ಸೀಳು. ಹಾಗಾಗಿ ‘ಪ್ಯಾಕ್’ ಕರೆದು ವಿಂಡೋ ತನಗೆ ಬೇಕಾದ ಅಳತೆಗೆ ಬಂದ ಕೂಡಲೇ ಆ ಅಳತೆಯನ್ನೇ ವಿಂಡೋದ (ಸ್ವಿಂಗ್‌ನಲ್ಲಿ ಅದಕ್ಕೆ ಫ್ರೇಮ್ ಎಂದು ಹೆಸರು) ಕನಿಷ್ಠ ಅಳತೆಯಾಗಿ ನಮೂದಿಸು. ಅದಕ್ಕಿಂತ ಸಣ್ಣದಾಗಲು ಬಿಡಬೇಡ. ತೂಕ, ಫಿಲ್ ಸರಿಯಾಗಿದ್ದರೆ ಸೀಳಿನ ಭಯವೂ ತನ್ನಷ್ಟಕ್ಕೆ ಕಡಿಮೆಯಾಗುತ್ತದೆ.

ಇನ್ನು ಪರೀಕ್ಷಕರ ವಿಷಯ. ಇಡೀ ವಿಂಡೋವನ್ನು ಒಂದೇ ಗ್ರಿಡ್‌ಬ್ಯಾಗ್‌ನಲ್ಲಿ ಕಟ್ಟಬೇಕೆಂಬ ಹಟ ಏಕೆ? ಹೊರಗೆ ಬಾರ್ಡರ್‌ಲೇಔಟ್ ಹಾಕು: ಉತ್ತರಕ್ಕೆ ಹುಡುಕುವ ಪೆಟ್ಟಿಗೆ, ನಡುವೆ ಪಟ್ಟಿ, ದಕ್ಷಿಣಕ್ಕೆ ಬಟನ್ನುಗಳು. ನಡುವಿನವನು ಎರಡೂ ಕಡೆ ಹಿಗ್ಗುತ್ತಾನೆ, ಉತ್ತರ ದಕ್ಷಿಣದವರು ಅಗಲಕ್ಕೆ ಮಾತ್ರ. ಫಾರ್ಮಿನ ಭಾಗಕ್ಕಷ್ಟೇ ಗ್ರಿಡ್‌ಬ್ಯಾಗ್ ಸಾಕು. ಜಾವಾ ಹುಟ್ಟಿದಾಗಿನಿಂದ ಇರುವ ಈ ಐದು ದಿಕ್ಕಿನ ಲೇಔಟ್‌ನಿಂದ ಆಗುವಷ್ಟು ಕೆಲಸ ಎಷ್ಟೆಂದು ವಿದ್ಯಾರ್ಥಿಗಳು ನಂಬುವುದೇ ಇಲ್ಲ. ಒಳ್ಳೆಯದಾಗಲಿ.

ಪ್ರಶ್ನೆ: ಪೈಥಾನ್ ಭಾಷೆಯ ವಿಂಡೋ ಸಾಧನ ಟಿಕಿಂಟರ್‌ನಲ್ಲಿ ಒಳಗಿನ ಟೆಕ್ಸ್ಟ್ ಪೆಟ್ಟಿಗೆಗೆ ಅಂಚಿಗೆ ಅಂಟಿಸುವ ‘ಸ್ಟಿಕಿ’ ಗುಣವನ್ನು ನಾಲ್ಕೂ ದಿಕ್ಕಿಗೆ ಕೊಟ್ಟಿದ್ದೇನೆ. ಆದರೂ ಹಿಗ್ಗುತ್ತಿಲ್ಲ.
(ಹಾಸನದ ಕಾಲೇಜು ಅಧ್ಯಾಪಕರು)

ಉತ್ತರ: ನಮ್ಮ ಕಡೆ ಭದ್ರಾ ನಾಲೆಯ ಕೊನೆ ಭಾಗದ ರೈತರು ಪ್ರತಿ ಬೇಸಿಗೆಯಲ್ಲೂ ಕೇಳುವ ಪ್ರಶ್ನೆ ಇದೇ: ಡ್ಯಾಮಿನಲ್ಲಿ ನೀರಿದೆ, ನಮ್ಮ ಗದ್ದೆಗೆ ಏಕೆ ಬಂದಿಲ್ಲ? ಮೇಲೆ ಎಲ್ಲೋ ತೂಬು ಮುಚ್ಚಿದೆ. ಟಿಕಿಂಟರ್‌ನ ಗ್ರಿಡ್‌ನಲ್ಲೂ ಸಾಲು, ಕಾಲಮ್ಮುಗಳ ತೂಕ ಮೊದಲಿಗೆ ಸೊನ್ನೆಯೇ. ಪೆಟ್ಟಿಗೆ ಫ್ರೇಮಿನೊಳಗೆ, ಫ್ರೇಮು ಮುಖ್ಯ ವಿಂಡೋದೊಳಗೆ. ನೀವು ಫ್ರೇಮಿನ ಕಾಲಮ್ಮಿಗೆ ತೂಕ ಕೊಟ್ಟಿರಬಹುದು. ಮುಖ್ಯ ವಿಂಡೋದ ಸಾಲಿಗೂ ಕಾಲಮ್ಮಿಗೂ ‘ರೋಕಾನ್ಫಿಗರ್’, ‘ಕಾಲಮ್‌ಕಾನ್ಫಿಗರ್’ ಮೂಲಕ ತೂಕ 1 ಕೊಟ್ಟಿದ್ದೀರಾ? ಫ್ರೇಮಿಗೇ ಸ್ಟಿಕಿ ಕೊಟ್ಟಿದ್ದೀರಾ? ಹೊರಗಿನಿಂದ ಒಳಕ್ಕೆ ಒಂದೊಂದೇ ಹಂತ ನೋಡುತ್ತ ಬನ್ನಿ, ಒಂದಲ್ಲ ಒಂದು ಕಡೆ ತೂಬು ಮುಚ್ಚಿರುತ್ತದೆ.

ಇನ್ನೊಂದು: ಒಂದೇ ಫ್ರೇಮಿನೊಳಗೆ ‘ಪ್ಯಾಕ್’, ‘ಗ್ರಿಡ್’ ಎಂಬ ಎರಡು ಜೋಡಣೆ ವಿಧಾನಗಳನ್ನೂ ಬೆರೆಸಬೇಡಿ. ಟಿಕಿಂಟರ್‌ನ ತಳದಲ್ಲಿರುವ ಟಿಕೆ ಸಾಧನ ಈಗ ಕೂಡಲೇ ಎರರ್ ಕೊಟ್ಟು ಎಚ್ಚರಿಸುತ್ತದೆ. ಹಳೆಯ ಆವೃತ್ತಿಗಳಲ್ಲಿ ಇಬ್ಬರೂ ‘ನಾನು ಕೂರಿಸಿದ್ದೇ ಸರಿ’ ಎಂದು ಒಬ್ಬರ ಅಳತೆಯನ್ನು ಇನ್ನೊಬ್ಬರು ಬದಲಿಸುತ್ತಲೇ ಇರುತ್ತಿದ್ದರು, ಪ್ರೋಗ್ರಾಂ ಗರಬಡಿದಂತೆ ನಿಂತುಬಿಡುತ್ತಿತ್ತು. ಬೇರೆ ಬೇರೆ ಫ್ರೇಮುಗಳಲ್ಲಿ ಬೇರೆ ಬೇರೆ ಬಳಸಲು ಅಡ್ಡಿಯಿಲ್ಲ.

ಪ್ರಶ್ನೆ: ನಮ್ಮ ಪ್ರೋಗ್ರಾಂ ಇಂಗ್ಲಿಷಿನಲ್ಲಿದೆ, ಈಗ ಕನ್ನಡಕ್ಕೆ ತರುತ್ತಿದ್ದೇವೆ. ಲೇಬಲ್ಲುಗಳಲ್ಲಿ ಕನ್ನಡ ಅಕ್ಷರ ಬಲಗಡೆಯೂ ಕತ್ತರಿಸುತ್ತದೆ, ಕೆಳಗಡೆಯೂ ಕತ್ತರಿಸುತ್ತದೆ. ಪ್ರತಿ ಲೇಬಲ್ಲನ್ನೂ ಕೈಯಲ್ಲಿ ಎಳೆದು ದೊಡ್ಡದು ಮಾಡಬೇಕೇ?
(ಧಾರವಾಡದ ಓದುಗರು)

ಉತ್ತರ: ಈ ಪ್ರಶ್ನೆ ಬರಲಿ ಎಂದು ಕಾಯುತ್ತಿದ್ದೆ.

ಅಗಲದ ಮಾತು ಎಲ್ಲರಿಗೂ ಗೊತ್ತು, ಕನ್ನಡದ ಪದ ಉದ್ದ ಎನ್ನುತ್ತಾರೆ. ಅದು ಅರ್ಧ ಸತ್ಯ. ‘ಅಕೌಂಟ್’ ಎಂಬುದು ಇಂಗ್ಲಿಷಿನಲ್ಲಿ ಏಳಕ್ಷರ, ಕನ್ನಡದಲ್ಲಿ ‘ಖಾತೆ’ ಎಂದರೆ ಎರಡೇ. ಆದರೆ ‘ಪ್ರಿಂಟ್ ಪ್ರಿವ್ಯೂ’ವನ್ನು ಅನುವಾದಕರು ‘ಮುದ್ರಣ ಪೂರ್ವನೋಟ’ ಎಂದು ಮಾಡಿದ ದಿನ ಬಟನ್ನು ಹೊಟ್ಟೆ ಬಿರಿಯುತ್ತದೆ. ಕೆಲವು ಕುಗ್ಗುತ್ತವೆ, ಕೆಲವು ಹಿಗ್ಗುತ್ತವೆ. ಎಷ್ಟು ಎಂದು ಮೊದಲೇ ಹೇಳಲಾಗದು. ಕೈಯಲ್ಲಿ ಎಳೆದು ಕೂರಿಸಿದ ಫಾರ್ಮು ಒಂದೇ ಭಾಷೆಯ ಫಾರ್ಮು. ಲೇಬಲ್ಲುಗಳಿಗೆಲ್ಲ ‘ಆಟೋಸೈಜ್’ ಕೊಟ್ಟು, ಟೇಬಲ್‌ಲೇಔಟ್‌ಪ್ಯಾನೆಲ್‌ನ ‘ಆಟೋಸೈಜ್’ ಕಾಲಮ್ಮಿನಲ್ಲಿ ಇಡಿ. ಆ ಕಾಲಮ್ಮು ತನ್ನೊಳಗಿನ ಅತಿ ಉದ್ದದ ಪದವನ್ನು ಅಳೆದು ಅಷ್ಟೇ ಜಾಗ ಹಿಡಿಯುತ್ತದೆ, ಪಕ್ಕದ ಪೆಟ್ಟಿಗೆಗಳು ತಾವೇ ಸರಿದುಕೊಳ್ಳುತ್ತವೆ. ಮೈಕ್ರೋಸಾಫ್ಟ್‌ನ ಇನ್ನೊಂದು ವಿಂಡೋ ಸಾಧನ ಡಬ್ಲ್ಯೂಪಿಎಫ್ ಬಳಸುತ್ತಿದ್ದರೆ ಗ್ರಿಡ್ಡಿನ ಕಾಲಮ್ಮಿಗೆ ‘ಆಟೋ’, ಉಳಿದದ್ದಕ್ಕೆ ನಕ್ಷತ್ರ ಚಿಹ್ನೆ. ಕ್ಯೂಟಿಯಲ್ಲಿ ‘ಫಾರ್ಮ್‌ಲೇಔಟ್’ ಈ ಕೆಲಸಕ್ಕೇ ಇದೆ. ಭಾಷೆಗೊಂದರಂತೆ ಅಳತೆಗಳನ್ನು ಬೇರೆ ಬೇರೆ ಉಳಿಸಿಡುವ ಸೌಲಭ್ಯ ವಿಂಡೋಸ್ ಫಾರ್ಮ್ಸ್‌ನಲ್ಲಿದೆ ಎಂದು ಯಾರಾದರೂ ಹೇಳಬಹುದು. ನಿಜ, ಇದೆ. ನಾಲ್ಕು ಭಾಷೆಯಾದ ಮೇಲೆ ಒಂದು ಬಟನ್ನು ಸೇರಿಸಲು ನಾಲ್ಕು ಸಲ ಎಳೆಯುತ್ತ ಕೂರುವ ತಾಳ್ಮೆ ನಿಮಗಿದ್ದರೆ ಬಳಸಿ.

ನಿಜವಾದ ತೊಡಕು ಎತ್ತರದ್ದು. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ನಾಲ್ಕೈದು ಅಕ್ಷರಗಳ ಬಾಲ ಮಾತ್ರ. ನಮ್ಮಲ್ಲಿ ಒತ್ತಕ್ಷರವೇ ಕೆಳಗಿರುತ್ತದೆ. ‘ರಾಷ್ಟ್ರ’ದಂಥ ಪದದಲ್ಲಿ ಷಕಾರಕ್ಕೆ ಎರಡೆರಡು ಒತ್ತು. ಇಂಗ್ಲಿಷಿನವರು ಅಳೆದಿಟ್ಟ ಪೆಟ್ಟಿಗೆಯಲ್ಲಿ ಇದು ಹಿಡಿಸುವುದಿಲ್ಲ. ಸಂಘವೊಂದಕ್ಕೆ ಯೂನಿಕೋಡ್ ಕನ್ನಡದಲ್ಲಿ ಸದಸ್ಯರ ಪಟ್ಟಿ ಮಾಡಿದ್ದೆ, ವಿಂಡೋಸ್ ಎಕ್ಸ್‌ಪಿ ಜೊತೆ ಬರುತ್ತಿದ್ದ ತುಂಗಾ ಫಾಂಟ್‌ನಲ್ಲಿ. ಗ್ರಿಡ್ಡಿನ ಸಾಲಿನ ಎತ್ತರ ಮೊದಲೇ ಗೊತ್ತುಮಾಡಿದ 22 ಪಿಕ್ಸೆಲ್. ನಾನೋ ಕಣ್ಣಿಗೆ ಕಾಣಲಿ ಎಂದು ಅಕ್ಷರದ ಗಾತ್ರ ಹೆಚ್ಚಿಸಿದೆ, ಸಾಲಿನ ಎತ್ತರ ಮರೆತೆ. ವಯಸ್ಸಾದ ಸದಸ್ಯರೊಬ್ಬರು ಕೌಂಟರ್‌ನಲ್ಲಿ ಪರದೆಯ ಕಡೆ ಬಗ್ಗಿ ತಮ್ಮ ಹೆಸರನ್ನು ಓದಿಕೊಂಡರು. ಲಕ್ಷ್ಮಮ್ಮ ಎಂದಿರಬೇಕಾದಲ್ಲಿ ಒತ್ತುಗಳೆಲ್ಲ ಕತ್ತರಿಸಿಹೋಗಿ ‘ಲಕಮ’ ಎಂದು ಕಾಣುತ್ತಿತ್ತು. “ಬಡ್ಡಿ ಕತ್ತರಿಸುತ್ತೀರಿ ಎಂದು ಗೊತ್ತಿತ್ತು, ಹೆಸರನ್ನೂ ಕತ್ತರಿಸುತ್ತೀರಾ?” ಎಂದು ಅವರು ಕೇಳಿದ್ದನ್ನು ಕಾರ್ಯದರ್ಶಿಗಳು ನನಗೆ ಫೋನ್ ಮಾಡಿ, ನಗುತ್ತ, ಎರಡು ಸಲ ಹೇಳಿದರು.

ಅಂದಿನಿಂದ ಎತ್ತರವನ್ನು ಅಂಕಿಯಲ್ಲಿ ಬರೆಯುವುದನ್ನೇ ಬಿಟ್ಟೆ. ಫಾಂಟ್‌ನಿಂದ ಅಳೆಯಿಸಿ, ಗ್ರಿಡ್ಡಿನ ಸಾಲುಗಳಿಗೆ ತಾನೇ ಹಿಗ್ಗುವ ಗುಣ ಕೊಡಿ. ವಿಂಡೋಸ್ 8ರಿಂದ ಬಂದ ನಿರ್ಮಲಾ ಯುಐ ಫಾಂಟ್‌ನ ಅಳತೆ ತುಂಗಾದ ಅಳತೆಯಲ್ಲ. ಇಂದು ಕೈಯಲ್ಲಿ ಸರಿಮಾಡಿದ್ದು ಫಾಂಟ್ ಬದಲಾದ ದಿನ ಮತ್ತೆ ಕೆಡುತ್ತದೆ. ಪರೀಕ್ಷೆಗೆಂದು ನಾನು ಇಟ್ಟುಕೊಂಡಿದ್ದ ಪದಗಳು ಮೂರು: ಲಕ್ಷ್ಮಮ್ಮ, ರಾಷ್ಟ್ರೀಕೃತ, ಸ್ತ್ರೀಶಕ್ತಿ. ಈ ಮೂರೂ ಅಂಗಭಂಗವಿಲ್ಲದೆ ಕಂಡರೆ ಆ ಫಾರ್ಮಿಗೆ ಕನ್ನಡ ಬಂತು ಎಂದು ಲೆಕ್ಕ.

ಪ್ರಶ್ನೆ: ಇಷ್ಟೆಲ್ಲ ರಗಳೆ ಏಕೆ? ವಿಂಡೋ ಹಿಗ್ಗದಂತೆಯೇ ಬೀಗ ಹಾಕಿಬಿಟ್ಟರೆ?
(ಬಳ್ಳಾರಿಯ ಓದುಗರು)

ಉತ್ತರ: ಪಾಸ್‌ವರ್ಡ್ ಕೇಳುವ ಕಿರುವಿಂಡೋಗೆ ಹಾಕಿ, ನನ್ನ ತಕರಾರಿಲ್ಲ. ಪಟ್ಟಿ ತೋರಿಸುವ ವಿಂಡೋಗೆ ಬೀಗ ಹಾಕಿದವರು ನಾಲ್ಕು ಸಾಲಿನ ಕಿಂಡಿಯಲ್ಲಿ ನಾನೂರು ಹೆಸರು ಹುಡುಕುವ ಶಿಕ್ಷೆಯನ್ನು ಒಂದು ದಿನವಾದರೂ ಅನುಭವಿಸಬೇಕು.

ಪ್ರಶ್ನೆ: ಕಂಪ್ಯೂಟರ್ ನನಗೆ ತಿಳಿಯದು, ಮೊಮ್ಮಗನಿಂದ ಬರೆಸುತ್ತಿದ್ದೇನೆ. ಗದಗಿನ ಅಚ್ಚುಕೂಟದಲ್ಲಿ ಮೂವತ್ತು ವರ್ಷ ಮೊಳೆ ಜೋಡಿಸಿದವನು. ಮೊಮ್ಮಗ ತನ್ನ ಪ್ರೋಗ್ರಾಂನಲ್ಲಿ ಬಟನ್ನುಗಳ ನಡುವೆ ಖಾಲಿ ಜಾಗ ತುಂಬುವುದನ್ನು ನೋಡಿದರೆ ನಾವು ಮೊಳೆ ಜೋಡಿಸುವ ಕೈಪಟ್ಟಿಯಾದ ಸ್ಟಿಕ್ಕಿನಲ್ಲಿ ಸಾಲು ತುಂಬಲು ಸ್ಪೇಸ್ ತುರುಕುತ್ತಿದ್ದ ಹಾಗೆಯೇ ಕಾಣುತ್ತದೆ. ನನ್ನ ಭ್ರಮೆಯೇ? ಹಾಗಿದ್ದರೆ ಪ್ಯಾರಾದ ಕೊನೆಯ ಅರ್ಧ ಸಾಲನ್ನು ನಿಮ್ಮವರು ಏನು ಮಾಡುತ್ತಾರೆ?

ಉತ್ತರ: ಭ್ರಮೆಯಲ್ಲ ಯಜಮಾನರೇ, ನೀವು ನೇರವಾಗಿ ಬೇರಿಗೇ ಕೈ ಹಾಕಿದ್ದೀರಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಎಂಬ ಗಣಕ ವಿಜ್ಞಾನಿ ತಮ್ಮ ಪುಸ್ತಕದ ಪುಟಗಳು ಹೊಸ ಯಂತ್ರದಲ್ಲಿ ಕೆಟ್ಟದಾಗಿ ಅಚ್ಚಾಗಿದ್ದನ್ನು ನೋಡಿ ಬೇಸತ್ತು, 1970ರ ದಶಕದ ಕೊನೆಯಲ್ಲಿ ‘ಟೆಕ್’ ಎಂಬ ಅಚ್ಚು ಜೋಡಣೆಯ ಪ್ರೋಗ್ರಾಂ ಬರೆದರು. ಅದರಲ್ಲಿ ಅಕ್ಷರ, ಪದ, ಸಾಲು ಎಲ್ಲವೂ ಪೆಟ್ಟಿಗೆ. ನಡುವಿನ ಖಾಲಿ ಜಾಗಕ್ಕೆ ಅವರು ಇಟ್ಟ ಹೆಸರು ‘ಗ್ಲೂ’, ಅಂದರೆ ಗೋಂದು. ಪ್ರತಿ ಗೋಂದಿಗೂ ಸಹಜ ಅಗಲ ಒಂದು, ಎಷ್ಟು ಹಿಗ್ಗಬಲ್ಲದು ಎಂಬುದೊಂದು, ಎಷ್ಟು ಕುಗ್ಗಬಲ್ಲದು ಎಂಬುದೊಂದು. ನಿಮ್ಮ ಕೈಯಲ್ಲಿನ ದಪ್ಪ ಸ್ಪೇಸು, ತೆಳು ಸ್ಪೇಸುಗಳ ಬದಲಿಗೆ ರಬ್ಬರಿನ ಸ್ಪೇಸ್ ಎಂದು ತಿಳಿಯಿರಿ. 1980ರ ದಶಕದಲ್ಲಿ ಅದೇ ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಲಿಂಟನ್ ಮತ್ತು ಜೊತೆಗಾರರು ‘ಇಂಟರ್‌ವ್ಯೂಸ್’ ಎಂಬ ವಿಂಡೋ ಸಾಧನ ಕಟ್ಟುವಾಗ ಈ ಪೆಟ್ಟಿಗೆಯನ್ನೂ ಗೋಂದನ್ನೂ ಹಾಗೆಯೇ ಎತ್ತಿಕೊಂಡು ಬಟನ್ನುಗಳಿಗೆ ಹಾಕಿದರು. ಈಗಿನ ಕ್ಯೂಟಿಯ ‘ಸ್ಟ್ರೆಚ್’ ಅದೇ ಜಾತಿಯದು.

ಬೇರೆ ದಾರಿ ಹಿಡಿದವರೂ ಇದ್ದಾರೆ. ಆಪಲ್‌ನವರು 2011ರಿಂದ ಮ್ಯಾಕ್‌ನಲ್ಲಿ ‘ಈ ಬಟನ್ನು ಆ ಪೆಟ್ಟಿಗೆಯಿಂದ ಇಷ್ಟು ದೂರ, ಇದರ ಅಗಲ ಅದರ ಅಗಲಕ್ಕೆ ಸಮ’ ಎಂಬ ಸಮೀಕರಣಗಳನ್ನು ಬರೆದುಕೊಟ್ಟರೆ ಯಂತ್ರವೇ ಬಿಡಿಸಿ ಕೂರಿಸುವ ಪದ್ಧತಿ ತಂದರು. ಲೆಕ್ಕ ಬಿಡಿಸುವ ಆ ವಿಧಾನದ ಹೆಸರು ಕ್ಯಾಸೊವರಿ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಬೋರ್ನಿಂಗ್ ಮತ್ತು ಸಂಗಡಿಗರದು. ಬುದ್ಧಿವಂತರ ಕೆಲಸ, ಒಪ್ಪುತ್ತೇನೆ. ಎರಡು ಸಮೀಕರಣ ಒಂದಕ್ಕೊಂದು ತಿರುಗಿಬಿದ್ದಾಗ ಅದು ಸುರಿಸುವ ದೂರಿನ ಪಟ್ಟಿ ಓದಿದರೆ ಮಾತ್ರ ಗೋಂದೇ ವಾಸಿ ಎನ್ನಿಸುತ್ತದೆ.

ಇನ್ನು ನಿಮ್ಮ ಅರ್ಧ ಸಾಲು. ಪ್ಯಾರಾ ಮುಗಿದ ಕೂಡಲೇ ಟೆಕ್ ಸಾಲಿನ ತುದಿಗೆ ಎಷ್ಟು ಬೇಕಾದರೂ ಹಿಗ್ಗುವ ಗೋಂದೊಂದನ್ನು ಸುರಿಯುತ್ತದೆ. ಉಳಿದ ಗೋಂದುಗಳು ಹಿಗ್ಗುವ ಪ್ರಮೇಯವೇ ಬರುವುದಿಲ್ಲ, ಪದಗಳು ಎಡಕ್ಕೆ ಆತು ನಿಲ್ಲುತ್ತವೆ. ಕ್ಯೂಟಿಯಲ್ಲಿ ಬಟನ್ನುಗಳ ಸಾಲಿನ ಕೊನೆಗೆ ‘ಆಡ್‌ಸ್ಟ್ರೆಚ್’ ಬರೆದರೆ ಆಗುವುದೂ ಅದೇ. ಮೊಮ್ಮಗನಿಗೆ ‘ಸರಿ’, ‘ರದ್ದು’ ಬಟನ್ನುಗಳು ಬಲಗಡೆ ಬೇಕಿದ್ದರೆ ಅದನ್ನು ಮೊದಲು ಬರೆದು, ಬಟನ್ನುಗಳನ್ನು ಆಮೇಲೆ ಸೇರಿಸಲು ಹೇಳಿ. ನಡುವೆ ಬೇಕೆಂದರೆ ಎರಡೂ ತುದಿಗೆ ಒಂದೊಂದು. ಶೀರ್ಷಿಕೆಯನ್ನು ಸಾಲಿನ ನಡುವೆ ನಿಲ್ಲಿಸಲು ನೀವು ಎರಡೂ ಕಡೆ ಸಮನಾಗಿ ತುಂಬುತ್ತಿದ್ದಿರಲ್ಲ, ಹಾಗೆ.